ಬೆಳಕಿನ ಮೇಷ್ಟ್ರ ಬೋಳುತಲೆ

ಅಣ್ಣನ ಬೋಳುತಲೆಗೆ ಮುಲಾಮು ಹಚ್ಚುವ ಕೆಲಸ ತನ್ನ ಪಾಲಿಗೇ ಬಂದಾಗ ನರ್ಸಮ್ಮ ಹಣೆ ಚಚ್ಚಿಕೊಂಡಳು. ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಬಯ್ಯುವ ಮುದುಕರು, ಕಚ್ಚುವ ಮಕ್ಕಳು, ಎಲ್ಲರನ್ನೂ ಸಂಭಾಳಿಸಿದ್ದಳು. ಆದರೆ ನಲವತ್ತು ವರ್ಷ ಕಾಲೇಜಿನಲ್ಲಿ ಬೆಳಕಿನ ಪಾಠ ಹೇಳಿ ನಿವೃತ್ತನಾದ ಈ ಅಣ್ಣ ಬೇರೆಯೇ ಗಿರಾಕಿ. ಯಾರು ಏನೇ ಹೇಳಲಿ, ಅದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು.

ವರ್ಷಗಟ್ಟಲೆ ಬಿಸಿಲು ತಿಂದ ಆ ತಲೆಯ ಮೇಲೆ ಒರಟು ಕಲೆಗಳೆದ್ದಿದ್ದವು. ಹಾಗೇ ಬಿಟ್ಟರೆ ಕ್ಯಾನ್ಸರಿಗೆ ತಿರುಗೀತೆಂದು ಡಾಕ್ಟರು ಬೆಳಕಿನ ಚಿಕಿತ್ಸೆ ಬರೆದಿದ್ದರು.

"ನೋಡಣ್ಣ," ನರ್ಸಮ್ಮ ಮುಲಾಮಿನ ಮೇಲೆ ಕಪ್ಪು ಪಟ್ಟಿ ಸುತ್ತುತ್ತ ಹೇಳಿದಳು. "ಇದನ್ನ ಹೀರಿಕೊಂಡ ಜೀವಕೋಶ ತನಗೆ ಶಕ್ತಿ ಕೊಡೋ ಮೈಟೊಕಾಂಡ್ರಿಯದಲ್ಲಿ ಪಾರ್ಫಿರಿನ್ ಅನ್ನೋ ವಸ್ತು ಮಾಡಿ ಕೂಡಿಡುತ್ತೆ. ಕೆಟ್ಟ ಕೋಶದಲ್ಲಿ ಜಾಸ್ತಿ. ಕತ್ತಲಲ್ಲಿ ಅದು ತೆಪ್ಪಗಿರುತ್ತೆ. ಬೆಳಕು ಬಿತ್ತೋ, ಮೈಟೊಕಾಂಡ್ರಿಯವನ್ನೇ ಹಾಳುಮಾಡಿ ಕೋಶವನ್ನ ಸಾಯಿಸುತ್ತೆ. ಮೂರು ಗಂಟೆ ಪಟ್ಟಿ ಮುಟ್ಟಬೇಡ. ಆಮೇಲೆ ನಾವೇ ಕೆಂಪು ದೀಪ ಹಿಡೀತೀವಿ."

"ಬೆಳಕಿನ ವಿಷಯ ನನಗೆ ಹೇಳ್ಕೊಡ್ತೀಯಾ? ಕೆಂಪು ಬೆಳಕಿಗೆ ಶಕ್ತಿನೇ ಕಡಿಮೆ ಕಣೇ. ನೀನು ಚಿಕ್ಕಂದಿನಿಂದ್ಲೂ ವಿಜ್ಞಾನದಲ್ಲಿ ದಡ್ಡಿ."

ಕೋಣನ ಮುಂದೆ ಕಿನ್ನರಿ ಬಾರಿಸಿ ಅವಳಿಗೆ ಅಭ್ಯಾಸವಾಗಿತ್ತು. ಪರದೆ ಎಳೆದು, ಅತ್ತಿಗೆಯನ್ನು ಕಾವಲಿಗೆ ಕೂರಿಸಿ, ಬೇರೆ ರೋಗಿಗಳ ಕಡೆ ಹೋದಳು.

ಎರಡೂವರೆ ಗಂಟೆ ಕಳೆದು ಬಂದು ನೋಡಿದರೆ ಕುರ್ಚಿ ಖಾಲಿ. ಕಪ್ಪು ಪಟ್ಟಿ ಅದರ ಮೇಲೆ ಹಾವಿನ ಪೊರೆಯ ಹಾಗೆ ಬಿದ್ದಿತ್ತು.

"ಹಳೇ ಶಿಷ್ಯ ಒಬ್ಬ ಸಿಕ್ಕಿದ," ಅಂದರು ಅತ್ತಿಗೆ. "ಈ ಕರೀ ಮುಂಡಾಸಿನಲ್ಲಿ ಅವನಿಗೆ ಮುಖ ತೋರಿಸಲ್ಲ ಅಂತ ಬಿಚ್ಚಿಟ್ಟು ಹೋದರು. ಬೇಡ ಅಂದೆ. ನನ್ನ ಮಾತು ಯಾವತ್ತು ನಡೆದಿದೆ, ಹೇಳು?"

ನರ್ಸಮ್ಮ ಓಡಿದಳು. ಆಸ್ಪತ್ರೆಯ ಗೇಟಿನ ಪಕ್ಕದ ಬೆಂಚಿನ ಮೇಲೆ, ನಡುಹಗಲ ಬಿಸಿಲಿನಲ್ಲಿ, ಅಣ್ಣನ ಉಪನ್ಯಾಸ ಸಾಗಿತ್ತು. ಶಿಷ್ಯ ಗಡಿಯಾರ ನೋಡಿಕೊಳ್ಳುತ್ತಿದ್ದ. ಇವಳು ಹತ್ತಿರ ಬರುವಷ್ಟರಲ್ಲಿ ಉಪನ್ಯಾಸ ಅರ್ಧಕ್ಕೇ ನಿಂತಿತು. ಅಣ್ಣ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಅಯ್ಯಯ್ಯೋ! ಕಾದ ಎಣ್ಣೆ ಹುಯ್ದ ಹಾಗಿದೆ ಕಣೇ!"

ಪಾಪ ಅನ್ನಿಸಬೇಕಿತ್ತು. ಅವಳಿಗೆ ನಗು ಬಂತು, ನಕ್ಕಿದ್ದಕ್ಕೆ ನಾಚಿಕೆಯೂ ಆಗಲಿಲ್ಲ. ಕೈಲಿದ್ದ ಫೈಲನ್ನು ಅವನ ತಲೆಗೆ ಮರೆ ಹಿಡಿದು ಒಳಗೆ ನಡೆಸಿಕೊಂಡು ಬಂದಳು.

ಆಮೇಲೆ ಎರಡು ದಿನ ಅವನ ತಲೆ ಊದಿ, ಊತ ಮುಖಕ್ಕೂ ಇಳಿದು ಕಣ್ಣೇ ಮುಚ್ಚಿಹೋಯಿತು. ಅಷ್ಟಾದರೂ ಬಾಯಿ ಮುಚ್ಚಲಿಲ್ಲ. ಫೋನು ಮಾಡಿ ಮಾಡಿ "ನಿಮ್ಮ ಮುಲಾಮೇ ಹಳೇದು" ಎಂದು ತಂಗಿಯನ್ನೇ ಬಯ್ದ.

ಮೂರನೇ ವಾರ ಹಕ್ಕಳೆ ಉದುರಿ, ಕೆಳಗೆ ಎಳೆಮಗುವಿನಂಥ ಚರ್ಮ ಕಾಣಿಸಿತು. ಡಾಕ್ಟರು ಬೆರಳಾಡಿಸಿ ನೋಡಿದರು. "ಬಿಸಿಲೇ ನಮ್ಮ ಕೆಲಸ ಮಾಡಿಬಿಟ್ಟಿದೆ. ಕೆಲವರಿಗೆ ನಾವೇ ಹಗಲ ಬೆಳಕಲ್ಲಿ ಮಾಡ್ತೀವಿ. ಆದರೆ ಅವರಿಗೆ ಮುಲಾಮನ್ನ ಇಷ್ಟು ಹೊತ್ತು ಕಟ್ಟಿಡಲ್ಲ. ಕಟ್ಟಿಟ್ಟು ಬಿಸಿಲಿಗೆ ಹೋದರೆ ಹೀಗೇ ಬೇಯೋದು."

ಅಣ್ಣನ ಕಿವಿಗೆ ಮೊದಲ ವಾಕ್ಯ ಮಾತ್ರ ಬಿತ್ತು. ಸಂಜೆಯೊಳಗೆ ಬಂಧುಬಳಗಕ್ಕೆಲ್ಲ ಸುದ್ದಿ ಹೋಯಿತು: ಆಸ್ಪತ್ರೆಯವರ ದೀಪ ನಂಬದೆ, ಲೆಕ್ಕ ಹಾಕಿಯೇ ಬಿಸಿಲಿಗೆ ಹೋದನಂತೆ! ಮೂರ್ಖನ ಮನೆಗೆ ಅದೃಷ್ಟ ವಿಳಾಸ ಕೇಳದೆ ಬರುತ್ತದೆ ಎಂದುಕೊಂಡಳು ನರ್ಸಮ್ಮ.

ಆದರೆ ಎಡಗಿವಿಯ ಮೇಲೆ ಒಂದು ಕಲೆ ಉಳಿದಿತ್ತು. ಅವತ್ತು ಆ ಬದಿಗೆ ಗೋಡೆಯ ನೆರಳಿತ್ತು. ಮತ್ತೆ ಮುಲಾಮು, ಮತ್ತೆ ಪಟ್ಟಿ. ಈ ಸಲ ಮೂರು ಗಂಟೆ ಅಣ್ಣ ಕುರ್ಚಿ ಬಿಟ್ಟು ಅಲುಗಲಿಲ್ಲ. ದೀಪದ ಕೆಳಗೆ ಮಲಗಿಸಿ ಕಣ್ಣಿಗೆ ಕನ್ನಡಕ ಹಾಕುವಾಗ ಅವಳ ತೋಳು ಹಿಡಿದ.

"ಉರಿಯುತ್ತೇನೇ?"

ಐವತ್ತು ವರ್ಷಗಳಲ್ಲಿ ತನಗೆ ಗೊತ್ತಿಲ್ಲದ್ದನ್ನು ಅವನು ಅವಳಲ್ಲಿ ಕೇಳಿದ್ದು ಅದೇ ಮೊದಲು. ಒಂದು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು.

"ಉರಿಯುತ್ತೆ," ಅಂದಳು. ದೀಪ ಹೊತ್ತಿಸಿ, ಫ್ಯಾನನ್ನು ಅವನ ಕಡೆ ತಿರುಗಿಸಿದಳು. ಅದು ಅವಳ ಕೆಲಸ. ಅಕ್ಕರೆ ಅಂತ ಯಾರೂ ತಪ್ಪು ತಿಳಿಯಬೇಕಾಗಿರಲಿಲ್ಲ.