ಅಕ್ಕ ಉಳಿದ ಊರು

ಮೂರನೆಯ ಮಹಡಿಯ ಬಾಲ್ಕನಿಯಿಂದ ಇಳಿಬಿದ್ದಿದ್ದ ಹಸಿರು ಸೀರೆಯೊಂದು ಮಂಜಿನಲ್ಲಿ ನೆನೆಯುತ್ತಿತ್ತು. ಕೆಲಸ ಮುಗಿಸಿ ಟ್ರಾಮಿನಿಂದ ಇಳಿದವನು ರಸ್ತೆಯ ಈಚೆ ಬದಿಯಲ್ಲೇ ನಿಂತುಬಿಟ್ಟೆ. ಬೂದು ಬಣ್ಣದ ಕಟ್ಟಡಗಳು, ಬೂದು ಬಣ್ಣದ ಆಕಾಶ, ಅವುಗಳ ನಡುವೆ ಎಳೆಯ ಬಾಳೆಯ ಸುಳಿಯಂಥ ಹಸಿರು. ಹೋಗುವವರು ಬರುವವರು ತಲೆಯೆತ್ತಿ ನೋಡಿ ಏನೂ ಅನ್ನದೆ ಮುಂದೆ ಹೋಗುತ್ತಿದ್ದರು. ಆ ಬಾಲ್ಕನಿ ನನ್ನದೇ ಎಂದು ಹೊಳೆಯಲು ನನಗೆ ತುಸು ಹೊತ್ತೇ ಬೇಕಾಯಿತು.

ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ಅಕ್ಕ ಅಡುಗೆಮನೆಯಲ್ಲಿ ಕಾವಲಿಯ ಮೇಲೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಅವಳು ಊರಿನಿಂದ ಬಂದು ನಾಲ್ಕು ದಿನವಾಗಿತ್ತಷ್ಟೆ.

"ಅಕ್ಕ, ಇಲ್ಲಿ ರಸ್ತೆಯ ಕಡೆಗೆ ಬಟ್ಟೆ ಒಣಹಾಕೋ ಹಾಗಿಲ್ಲ. ಕಟ್ಟಡದ ನಿಯಮ."

"ಮತ್ತೆ ಎಲ್ಲಿ ಹಾಕ್ತಾರೆ?"

"ಒಳಗೇ, ಸ್ನಾನದ ಕೋಣೇಲಿ."

"ಸೀರೆನ ಸ್ನಾನದ ಕೋಣೇಲಿ ಒಣಗಿಸ್ತಾರೇನೋ? ಬಾಣಂತಿ ಕೋಣೆ ಹಾಗೆ ಮುಗ್ಗಲು ವಾಸನೆ ಬರೋಲ್ವ?" ಎಂದು ರೊಟ್ಟಿ ಮಗುಚಿದಳು.

ಅಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಬಾಗಿಲು ತೆರೆದರೆ ಕೆಳಗಿನ ಮನೆಯ ಮಾರ್ಟಾ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದ, ನನಗಿಂತ ಹಿರಿಯಳಾದ ಆ ಹೆಂಗಸಿಗೂ ನನಗೂ ಇಪ್ಪತ್ತು ವರ್ಷಗಳ ಪರಿಚಯ. ಪರಿಚಯವೆಂದರೆ ಮೆಟ್ಟಿಲ ಮೇಲೆ ಎದುರಾದಾಗ ತಲೆಬಾಗಿಸಿ ಶುಭೋದಯ ಹೇಳುವುದು, ಅಷ್ಟೇ. ಹಸಿರು ನೀರು ತೊಟ್ಟಿಕ್ಕಿ ತನ್ನ ಕಿಟಕಿಯ ಗಾಜೆಲ್ಲ ಕಲೆಯಾಗಿದೆಯೆಂದು ಅವಳು ತಣ್ಣಗೆ ಹೇಳಿದಳು. ನಾನು ಕ್ಷಮೆ ಕೇಳಲು ಶುರುಮಾಡಿದ್ದೆ. ಹಿಂದಿನಿಂದ ಬಂದ ಅಕ್ಕ, ಹಿಟ್ಟಿನ ಕೈಯಲ್ಲೇ ಮಾರ್ಟಾಳ ಮಣಿಕಟ್ಟು ಹಿಡಿದು "ಬನ್ನಿ, ಬಿಸಿ ಇದೆ, ಒಂದು ತಿಂದು ಆಮೇಲೆ ಬೈಯ್ಯಿರಂತೆ" ಎಂದು ಕನ್ನಡದಲ್ಲೇ ಹೇಳಿ ಒಳಕ್ಕೆ ಎಳೆದುಕೊಂಡು ಹೋದಳು. ಈ ದೇಶದಲ್ಲಿ ಗುರುತಿಲ್ಲದವರನ್ನು ಯಾರೂ ಹಾಗೆ ಮುಟ್ಟುವುದಿಲ್ಲ. ನಾನು ಬಾಗಿಲ ಹಿಡಿಕೆ ಹಿಡಿದುಕೊಂಡು ಹಾಗೇ ನಿಂತಿದ್ದೆ. ಮಾರ್ಟಾ ಎರಡು ರೊಟ್ಟಿ ತಿಂದಳು. ಹುಚ್ಚೆಳ್ಳಿನ ಚಟ್ನಿಪುಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಟ್ಟಲು ಬರಿದು ಮಾಡಿದಳು. ಗಾಜಿನ ಮಾತು ಮತ್ತೆ ಬರಲಿಲ್ಲ.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ಹಡಗಿನ ಮೆಕ್ಯಾನಿಕ್ ಆಗಿ ಹೊರಟ ನಾನು ಈ ಬಂದರಿನ ಊರಿನಲ್ಲಿ ಇಳಿದದ್ದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಕ್ರೇನುಗಳನ್ನು ದುರಸ್ತಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಇಲ್ಲೇ ನೆಲೆ ನಿಂತೆ. ಮದುವೆಯ ಮಾತು ಒಂದೆರಡು ಸಲ ಹತ್ತಿರ ಬಂದು ಹಾಗೇ ಸರಿದುಹೋಗಿತ್ತು. ಇಷ್ಟು ವರ್ಷವೂ ನನಗೊಂದು ಚಾಳಿ ಇತ್ತು. ಇಲ್ಲಿಯವರ ಮುಂದೆ ಅಲ್ಲಿಯದನ್ನು ಹೊಗಳುವುದು, ಊರಿಗೆ ಹೋದಾಗ ಅಲ್ಲಿಯವರ ಮುಂದೆ ಇಲ್ಲಿಯದನ್ನು ಹೊಗಳುವುದು. ನಮ್ಮೂರಿನಲ್ಲಿ ಯಾರೂ ಒಂಟಿಯಾಗಿ ಉಣ್ಣುವುದಿಲ್ಲ ಎಂದು ಇಲ್ಲಿ ಹೇಳುತ್ತಿದ್ದೆ. ಆ ದೇಶದಲ್ಲಿ ಯಾರೂ ಇನ್ನೊಬ್ಬರ ತಂಟೆಗೆ ಹೋಗುವುದಿಲ್ಲ ಎಂದು ಊರಿನಲ್ಲಿ ಹೇಳುತ್ತಿದ್ದೆ. ಎರಡು ಕಡೆಯವರೂ ತಲೆದೂಗುತ್ತಿದ್ದರು. ಎರಡೂ ದೇಶ ನನ್ನಷ್ಟು ಗೊತ್ತಿರುವವರು ಯಾರಿದ್ದಾರೆ ಎಂದು ನನಗೂ ಒಳಗೊಳಗೇ ಅನ್ನಿಸುತ್ತಿತ್ತು.

ಆ ಚಳಿಗಾಲ ಕಳೆದರೆ ನನಗೆ ನಿವೃತ್ತಿ. ಊರಿಗೆ ಮರಳಿ ಅಕ್ಕನ ಜೊತೆ ಇದ್ದುಬಿಡುವುದೆಂದು ನಿರ್ಧಾರ ಮಾಡಿದ್ದೆ. "ಪಡುವಣ ಕೋಣೆ ಖಾಲಿ ಇಟ್ಟಿರು" ಎಂದು ಫೋನಿನಲ್ಲಿ ಹೇಳಿದಾಗ ಅಕ್ಕ, "ಅದಕ್ಕೆ ಮುಂಚೆ ನಾನೊಂದು ಸಲ ನಿಮ್ಮೂರು ನೋಡಬೇಕಲ್ಲೋ" ಅಂದಿದ್ದಳು. ಸಾಮಾನು ಕಟ್ಟಲು ನೆರವಾಗುವುದಕ್ಕೇ ಬರುತ್ತಿದ್ದಾಳೆ ಎಂದುಕೊಂಡು ಟಿಕೆಟ್ ಕಳಿಸಿದ್ದೆ.

ಅಕ್ಕನ ಹೆಸರು ದೇವೀರಮ್ಮ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಮೂರನೆಯ ವರ್ಷಕ್ಕೇ ಭಾವ ಜ್ವರದಲ್ಲಿ ಹೋದರು. ಮಕ್ಕಳಿರಲಿಲ್ಲ. ತವರಿಗೆ ಬಂದವಳು ಅವ್ವ ಅಪ್ಪನ ಕಾಲವನ್ನೂ ಕಳೆದು ಅದೇ ಮನೆಯಲ್ಲಿ ಉಳಿದಳು. ಬೀದಿಯ ಮಕ್ಕಳಿಗೆಲ್ಲ ಬಟ್ಟೆ ಹೊಲಿದುಕೊಟ್ಟು ತನ್ನ ಜೀವನ ತಾನೇ ನಡೆಸಿದಳು. ಪರದೇಶದಲ್ಲಿ ಭಾಷೆ ಬಾರದೆ, ಮನೆಯೊಳಗೇ ಕೂತು ಬೇಸತ್ತು ವಾರದೊಳಗೆ ಊರಿಗೆ ಹೋಗೋಣ ಎನ್ನುತ್ತಾಳೆ ಎಂದು ನಾನು ಎಣಿಸಿದ್ದೆ.

ಆದದ್ದೇ ಬೇರೆ. ನಾನು ಕಾರ್ಖಾನೆಗೆ ಹೋದ ಮೇಲೆ ಅವಳೂ ಮಾರ್ಟಾಳೂ ಸಂತೆಗೆ ಹೋಗತೊಡಗಿದರು. ಇವಳ ನಾಲ್ಕು ಮಾತು ಅವಳು ಕಲಿತಳು, ಅವಳ ಹತ್ತು ಮಾತು ಇವಳು ಕಲಿತಳು. ಮಿಕ್ಕಿದ್ದು ಕೈಸನ್ನೆ. ಒಂದು ಸಂಜೆ ಊಟಕ್ಕೆ ಬಂದಿದ್ದ ಮಾರ್ಟಾ ನನ್ನ ಕಡೆ ತಿರುಗಿ, "ನಿಮ್ಮನ್ನು ಒಂದು ಮಾತು ಕೇಳಲೇ? ನನ್ನ ಮೇಲೆ ನಿಮಗೇನು ಸಿಟ್ಟು?" ಎಂದಳು.

ನಾನು ತಬ್ಬಿಬ್ಬಾದೆ. "ಸಿಟ್ಟೇ? ಯಾಕೆ?"

"ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ನಾನು ಮೆಟ್ಟಿಲಲ್ಲಿರುವ ಸದ್ದು ಕೇಳಿದರೆ ನೀವು ಬಾಗಿಲು ಸದ್ದಿಲ್ಲದ ಹಾಗೆ ಎಳೆದುಕೊಳ್ಳುತ್ತೀರಿ. ನನ್ನ ಗಂಡ ತೀರಿಕೊಂಡ ವಾರ ಕಟ್ಟಡದವರೆಲ್ಲ ಬಂದು ಕೂತರು. ನೀವು ಬಾಗಿಲಲ್ಲಿ ಹೂವಿಟ್ಟು ಹೊರಟುಹೋದಿರಿ."

ಇಲ್ಲಿಯ ಪದ್ಧತಿಯೇ ಹಾಗೆ, ದುಃಖದಲ್ಲಿರುವವರನ್ನು ಅವರ ಪಾಡಿಗೆ ಬಿಡಬೇಕು ಎಂದು ನಾನು ತಿಳಿದಿದ್ದೆ. ಯಾರು ಹೇಳಿಕೊಟ್ಟರು ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಬಂದ ಹೊಸದರಲ್ಲಿ ಏನನ್ನೋ ಕಂಡು ನಾನೇ ಕಟ್ಟಿಕೊಂಡ ನಿಯಮವಿರಬೇಕು.

ಆ ಮುಜುಗರ ಮುಚ್ಚಿಕೊಳ್ಳಲು ನಮ್ಮೂರಿನ ಮಾತು ತೆಗೆದೆ. ನಮ್ಮ ಹಿತ್ತಿಲಿನ ಬಾವಿಯ ಕತೆ ಅದು. ಇಲ್ಲಿ ಎಷ್ಟೋ ಜನರಿಗೆ ಹೇಳಿ ಬಾಯಿಪಾಠವಾಗಿತ್ತು. ಬೇಸಿಗೆಯಲ್ಲಿ ಬೇರೆ ಬಾವಿಗಳೆಲ್ಲ ಬತ್ತಿದಾಗ ಊರಿಗೆ ಊರೇ ನಮ್ಮ ಹಿತ್ತಿಲಿಗೆ ಬರುತ್ತಿತ್ತು, ನಮ್ಮವ್ವ ಯಾರಿಗೂ ಇಲ್ಲವೆನ್ನಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ರಾಟೆಯ ಸದ್ದು, ಹೆಂಗಸರ ನಗು. ಮಾರ್ಟಾ ಕೈಮೇಲೆ ಗಲ್ಲವಿಟ್ಟು ಕೇಳಿದಳು. ರಾಟೆ ತಿರುಗಿಸುವ ನನ್ನ ಅಭಿನಯದಿಂದಲೇ ಅಕ್ಕನಿಗೆ ಅರ್ಥವಾಗಿರಬೇಕು.

"ನಮ್ಮ ಬಾವಿ ಮಾತೇನೋ?"

"ಹೌದಕ್ಕ. ಊರೆಲ್ಲ ನೀರು ಸೇದ್ತಿತ್ತಲ್ಲ, ಅದನ್ನ ಹೇಳ್ದೆ."

"ಎಲ್ಲಾರೂ ಎಲ್ಲಿ ಸೇದಿದ್ರು ತಮ್ಮಯ್ಯ? ನಮ್ಮ ಬೀದಿಯವರು ಸೇದ್ತಿದ್ರು. ಕೆಳಗಿನ ಕೇರಿಯವರು ಬೇಲಿ ಆಚೆ ಬಿಸಿಲಲ್ಲಿ ನಿಂತಿರೋರು. ಅವ್ವನಿಗೆ ಬಿಡುವಾದಾಗ ಮೇಲಿಂದ ಅವರ ಬಿಂದಿಗೆಗೆ ಹೊಯ್ಯೋಳು. ಒಂದೊಂದು ದಿನ ಮಧ್ಯಾಹ್ನ ಆಗಿಹೋಗೋದು." ಅಕ್ಕ ಯಾರನ್ನೂ ದೂರದೆ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹೇಳಿ ಸಾರು ಬಡಿಸಿದಳು.

"ನಿಮ್ಮ ಅಕ್ಕ ಏನಂದರು?" ಎಂದು ಮಾರ್ಟಾ ಕೇಳಿದಳು.

ಬಾಯಿ ತೆರೆದೆ. ಬೇಲಿಯ ಆಚೆ ನಿಂತವರು ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆಯೂ ಇದ್ದರು. ಇರಲೇ ಇಲ್ಲವೆಂದಲ್ಲ, ನನ್ನ ನೆನಪಿನಲ್ಲೂ ಅವರು ಅಲ್ಲೇ ನಿಂತಿದ್ದರು, ನಾನು ಕತೆ ಹೇಳುವಾಗ ಮಾತ್ರ ಇರಲಿಲ್ಲ. ಅದನ್ನೆಲ್ಲ ಯಾವ ಮಾತಿನಲ್ಲಿ ಹೇಳುವುದೋ ತಿಳಿಯಲಿಲ್ಲ. "ನೀರು ಬಹಳ ಸಿಹಿಯಾಗಿತ್ತಂತೆ" ಎಂದೆ.

ಆ ದಿನದಿಂದ ನನ್ನೊಳಗೆ ಏನೋ ಕದಲಿದಂತಾಯಿತು. ಟ್ರಾಮಿನಲ್ಲಿ ಕೂತು ಜನರ ಮುಖ ನೋಡುತ್ತಿದ್ದೆ. ಇವರು ಮಾತು ಬೇಡದವರೋ, ಅಥವಾ ನಾನು ಮಾತನಾಡಿಸಲೆಂದು ಕಾದು ಬೇಸತ್ತವರೋ? ಕಾರ್ಖಾನೆಯಲ್ಲಿ ಯಾರಾದರೂ "ನಿಮ್ಮ ದೇಶದಲ್ಲಿ ಇದು ಹೇಗೆ?" ಎಂದು ಕೇಳಿದರೆ ಹಿಂದಿನ ಹಾಗೆ ಉತ್ತರ ಬರುತ್ತಿರಲಿಲ್ಲ. ನನಗೆ ಸರಿಯಾಗಿ ಗೊತ್ತಿಲ್ಲ ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ನಿವೃತ್ತಿಯ ದಿನ ಹತ್ತಿರ ಬಂತು. ಒಂದು ಭಾನುವಾರ ಬೆಳಿಗ್ಗೆ ರಟ್ಟಿನ ಪೆಟ್ಟಿಗೆಗಳನ್ನು ತಂದು ಹಜಾರದಲ್ಲಿ ಇಳಿಸಿದೆ. ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಆ ಹಸಿರು ಸೀರೆ ಮತ್ತೆ ಬಾಲ್ಕನಿಯಲ್ಲಿ ಹಾರಾಡುತ್ತಿತ್ತು. ಮಾರ್ಟಾಳೇ ಒಪ್ಪಿಗೆ ಕೊಟ್ಟ ಮೇಲೆ ಬೇರೆ ಯಾರೂ ಆಕ್ಷೇಪಿಸಿರಲಿಲ್ಲ.

"ಇದೇನಿಷ್ಟು ಪೆಟ್ಟಿಗೆ?" ಎಂದಳು ಅಕ್ಕ.

"ಸಾಮಾನು ಕಟ್ಟೋಕೆ. ಬರೋ ತಿಂಗಳು ಹೊರಡಬೇಕಲ್ಲ."

ಅಕ್ಕ ಪೆಟ್ಟಿಗೆಯೊಂದರ ಅಂಚು ಸವರುತ್ತ ಕೂತಳು. "ನೀನು ಹೋಗಿ ಬಾ ತಮ್ಮಯ್ಯ. ನಾನು ಇಲ್ಲೇ ಇರ್ತೀನಿ."

ತಮಾಷೆಯೆಂದುಕೊಂಡೆ.

"ಊರಿನ ಮನೆಗೆ ಶಾಲೆ ಮೇಷ್ಟರ ಸಂಸಾರವನ್ನ ಬಾಡಿಗೆಗೆ ಇಟ್ಟು ಬಂದಿದ್ದೀನಿ. ನಿನ್ನ ಪಡುವಣ ಕೋಣೆ ಮಾತ್ರ ಬೀಗ ಹಾಕಿದ್ದೀನಿ, ನೀನು ಕೇಳಿದ್ಯಲ್ಲ. ಹೊರಡೋ ದಿನಾನೇ ನಾನು ತೀರ್ಮಾನ ಮಾಡಿದ್ದೆ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ."

"ನಾನು ನಿನ್ನ ಜೊತೆ ಇರೋಕೆ ಅಂತ ಊರಿಗೆ ಹೊರಟಿದ್ದೀನಿ, ನೀನು ಹೀಗಂದ್ರೆ?" ನನ್ನ ದನಿ ಏರಿತ್ತು. "ಇಲ್ಲಿ ಏನಿದೆ ನಿನಗೆ? ಅಲ್ಲಿ ಇಡೀ ಬೀದಿಗೇ ನೀನು ಗೊತ್ತು. ಇಲ್ಲಿ ನೀನು ಯಾರಿಗೆ ಗೊತ್ತು?"

"ಅದಕ್ಕೇ ಕಣೋ" ಎಂದಳು ಅಕ್ಕ. ಆಮೇಲೆ ಬಾಲ್ಕನಿಯ ಕಡೆ ನೋಡಿದಳು. "ಆ ಸೀರೆ ನೋಡಿದ್ಯಾ?"

"ನೋಡದೇ ಏನು? ನಾಲ್ಕು ತಿಂಗಳಿಂದ ನೋಡ್ತಿದ್ದೀನಿ."

"ಎಲ್ಲಿ ನೋಡಿದೆ?"

ಆಗ ನನಗೆ ಕಂಡಿತು. ಭಾವ ಹೋದಾಗ ಅಕ್ಕನಿಗೆ ಇಪ್ಪತ್ತೆರಡು. ಆಮೇಲೆ ನಾನು ರಜೆಗೆ ಹೋದಾಗಲೆಲ್ಲ ಅವಳು ಉಡುತ್ತಿದ್ದದ್ದು ಮಾಸಲು ಕಂದು, ಬೂದಿ, ಮಣ್ಣಿನ ಬಣ್ಣ. ಪ್ರತಿ ಸಲವೂ ನಾನೇ ಅಂಥ ಸೀರೆ ಆರಿಸಿ ಒಯ್ಯುತ್ತಿದ್ದೆ. ಹಸಿರು ಅವಳ ಮೈಮೇಲೆ ಬಂದದ್ದು ನನ್ನ ಈ ಮನೆಯಲ್ಲಿ. ನಾನು ಕಂಡದ್ದು ಮಾತ್ರ ಬಟ್ಟೆ ಒಣಹಾಕುವ ನಿಯಮ.

"ಹೊರಡೋ ಮುಂಚೆ ಪಕ್ಕದೂರಿಗೆ ಹೋಗಿ ಕೊಂಡೆ" ಎಂದಳು. "ಅಂಗಡಿಯವನು ಯಾರಿಗೆ ಅಂದ. ತಂಗಿಗೆ ಅಂದೆ. ಟ್ರಂಕಿನ ತಳದಲ್ಲಿ ಇಟ್ಟು ತಂದೆ. ಇಲ್ಲಿ ಮೊದಲ ಸಲ ಉಟ್ಟು ಸಂತೆಗೆ ಹೋದಾಗ ಕೋಟಿನ ಗುಂಡಿನೆಲ್ಲ ಕತ್ತಿನವರೆಗೂ ಹಾಕ್ಕೊಂಡಿದ್ದೆ ಕಣೋ. ಹೂ ಮಾರೋಳು ಒಂದು ಹೂ ತಂದು ನನ್ನ ಕೋಟಿಗೆ ಸಿಕ್ಕಿಸಿಬಿಟ್ಲು."

"ಈಗ ಊರೂ ಬದಲಾಗಿದೆ ಅಕ್ಕ. ಈಗೆಲ್ಲ ಯಾರು ಏನಂತಾರೆ?"

"ಯಾರೂ ಏನೂ ಅನ್ನಲ್ಲ. ನೋಡ್ತಾರೆ."

ಎಲ್ಲರೂ ಗುರುತಿಸುವ ಬೀದಿಗಾಗಿ ನಾನು ಜೀವಮಾನವೆಲ್ಲ ಹಂಬಲಿಸಿದ್ದೆ. ಅಕ್ಕ ಅದೇ ಬೀದಿಯಿಂದ ತಪ್ಪಿಸಿಕೊಂಡು ನನ್ನಲ್ಲಿಗೆ ಬಂದಿದ್ದಳು. ಇಬ್ಬರಲ್ಲಿ ಯಾರದು ಸರಿ ಎಂದು ಆ ಬೆಳಿಗ್ಗೆ ತಿಳಿಯಲಿಲ್ಲ. ಪೆಟ್ಟಿಗೆಗಳು ಹಜಾರದಲ್ಲಿ ಹಾಗೇ ಬಿದ್ದಿದ್ದವು.

ಕಡೆಗೆ ನನ್ನ ಹೊಣೆಯ ಮೇಲೆ ಅಕ್ಕನಿಗೆ ಇನ್ನೊಂದು ವರ್ಷ ಇರಲು ಅನುಮತಿ ಸಿಕ್ಕಿತು. ಮನೆ ಖಾಲಿ ಮಾಡುವುದನ್ನು ಕೈಬಿಟ್ಟು, ಎರಡು ತಿಂಗಳ ಮಟ್ಟಿಗೆ ನಾನೊಬ್ಬನೇ ಊರಿಗೆ ಹೋಗಿ ಪಡುವಣ ಕೋಣೆಯ ಬೀಗ ತೆಗೆದೆ. ಮೇಷ್ಟರ ಮನೆಯವರು ಒಳ್ಳೆಯ ಜನ, ಊಟಕ್ಕೆ ಕರೆಯದೆ ಬಿಡುತ್ತಿರಲಿಲ್ಲ. ಬೀದಿಗೆ ಇಳಿದರೆ ಹೆಂಗಸರು ನಿಲ್ಲಿಸಿ ಕೇಳುತ್ತಿದ್ದರು: "ದೇವೀರಮ್ಮ ಹೇಗಿದ್ದಾರೆ? ಪಾಪ, ಆ ಚಳಿ ದೇಶದಲ್ಲಿ ಒಬ್ಬರನ್ನೇ ಬಿಟ್ಟು ಬಂದ್ರಾ?" ಹಸಿರು ಸೀರೆಯುಟ್ಟು ಸಂತೆಗೆ ಹೋಗುತ್ತಾಳೆ ಎಂದು ಹೇಳಬೇಕೆನ್ನಿಸುತ್ತಿತ್ತು. ಅವರ ಮುಖದಲ್ಲಿದ್ದ ಅಕ್ಕರೆ ನಿಜವಾದದ್ದೇ. ಆದರೂ ಹೇಳಲಾಗಲಿಲ್ಲ. "ಚೆನ್ನಾಗಿದ್ದಾಳೆ" ಎಂದು ಮುಂದೆ ನಡೆಯುತ್ತಿದ್ದೆ.

ಹಿತ್ತಿಲ ಬಾವಿಗೆ ಚಪ್ಪಡಿ ಮುಚ್ಚಿ ಮೋಟಾರು ಕೂರಿಸಿದ್ದರು. ಒಂದು ದಿನ ಅದರ ಪಕ್ಕ ನಿಂತಿದ್ದಾಗ ಸೊಪ್ಪು ಮಾರಲು ಬಂದ ಮುದುಕಿ ಹೊನ್ನಮ್ಮ ಬುಟ್ಟಿ ಇಳಿಸಿದಳು. ಅವಳು ಕೆಳಗಿನ ಕೇರಿಯವಳು, ನನಗೆ ಚಿಕ್ಕಂದಿನಿಂದ ಗೊತ್ತು.

"ಈ ಬಾವಿ ನೆನಪಿದೆಯಾ ಹೊನ್ನಮ್ಮ?"

"ನೆನಪಿಲ್ದೆ ಏನ್ರಪ್ಪ? ನೀರು ಸಿಹಿ ಅಂದ್ರೆ ಸಿಹಿ" ಎಂದಳು. ಆಮೇಲೆ ನಕ್ಕಳು. "ನಿಮ್ಮವ್ವ ಹೊಯ್ಯೋವಾಗ ಬಿಂದಿಗೆನ ಅವರ ಕೊಡಕ್ಕೆ ತಾಕದಂಗೆ ದೂರ ಹಿಡಕೋಬೇಕಿತ್ತು. ರಟ್ಟೆ ಬಿದ್ದೋಗೋದು. ದೇವೀರವ್ವ ಮಾತ್ರ, ಅವ್ವ ಇಲ್ದಾಗ, ಹಗ್ಗಾನೇ ನಮ್ಮ ಕೈಗೆ ಕೊಟ್ಟುಬಿಡೋರು. ಯಾರಿಗೂ ಹೇಳಬೇಡಿ ಅನ್ನೋರು."

ಅಕ್ಕ ಇದನ್ನು ನನಗೆ ಎಂದೂ ಹೇಳಿರಲಿಲ್ಲ. ನಾನು ಬಿಟ್ಟುಬಂದ ಊರು, ನಾನು ಹೋಗಿ ಸೇರಿದ ಊರು, ಇವೆರಡೂ ಇರಲಿ, ನನ್ನ ಜೊತೆಗೇ ಬೆಳೆದವಳನ್ನೂ ನಾನು ಸರಿಯಾಗಿ ನೋಡಿರಲಿಲ್ಲವೇ? ಹೊನ್ನಮ್ಮನಿಂದ ಒಂದು ಕಟ್ಟು ದಂಟಿನ ಸೊಪ್ಪು ಕೊಂಡು ಅದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದೆ.

ಎರಡು ತಿಂಗಳು ಮುಗಿಯಿತು. ಮೇಷ್ಟರು "ಮತ್ತೆ ಯಾವಾಗ ವಾಪಸು ಬರ್ತೀರಿ?" ಎಂದರು. ಫೋನಿನಲ್ಲಿ ಅಕ್ಕನೂ ಹಾಗೇ ಕೇಳಿದಳು, "ವಾಪಸು ಯಾವಾಗ ಬರ್ತೀಯೋ?" ಇಬ್ಬರಿಗೂ ಬೇಗ ಬರುತ್ತೇನೆ ಎಂದೆ.

ನಾನು ಬಂದಿಳಿದಾಗ ಬಂದರಿನ ಊರಿನಲ್ಲಿ ವಸಂತ. ಅಕ್ಕನಿಗೆ ಹೊತ್ತು ತಿಳಿಸಿರಲಿಲ್ಲ. ಟ್ರಾಮಿನಿಂದ ಇಳಿದು ಪೆಟ್ಟಿಗೆ ಎಳೆದುಕೊಂಡು ನಡೆಯುತ್ತಿದ್ದೆ. ಮುಂದೆ ಉದ್ದ ಕೋಟು ತೊಟ್ಟ ಇಬ್ಬರು ಹೆಂಗಸರು ತೋಳಿಗೆ ತೋಳು ಸೇರಿಸಿಕೊಂಡು ನಿಧಾನವಾಗಿ ಹೋಗುತ್ತಿದ್ದರು. ಈ ಊರಿನ ಯಾರೋ ಹಿರಿಯರೆಂದುಕೊಂಡೆ. ಅವರಲ್ಲೊಬ್ಬಳು ನಕ್ಕಾಗ ಅದು ಅಕ್ಕ ಎಂದು ಗೊತ್ತಾಯಿತು. ಕೂಗಲು ಬಾಯಿ ತೆರೆದೆ. ಈ ರಸ್ತೆಯಲ್ಲಿ ಹಾಗೆ ಕೂಗಬಹುದೋ ಇಲ್ಲವೋ ಎಂಬುದು ಹೊಳೆಯದೆ ಸುಮ್ಮನೆ ಹಿಂದೆ ನಡೆದೆ.

ಅವರು ಬೇಕರಿಯೊಂದರ ಒಳಗೆ ಹೋದರು. ನಾನು ಹೊರಗೆ ಗಾಜಿನ ಮುಂದೆ ನಿಂತೆ. ಅಕ್ಕ ಬೆಣ್ಣೆ ಬನ್ನಿನ ತಟ್ಟೆ ತೋರಿಸಿ ಅಂಗಡಿಯವಳಿಗೆ ಎರಡು ಬೆರಳೆತ್ತಿದಳು. ಏನೋ ಹೇಳಲು ಮಾರ್ಟಾಳ ಕಡೆ ತಿರುಗಿದವಳ ಕಣ್ಣು ಗಾಜಿನಾಚೆ ನಿಂತಿದ್ದ ನನ್ನ ಮೇಲೆ ಬಿತ್ತು. ಬೆರಗಾಗಲಿಲ್ಲ, ಕೈ ಬೀಸಲೂ ಇಲ್ಲ. ನನ್ನನ್ನೇ ನೋಡುತ್ತ ಮೂರನೆಯ ಬೆರಳನ್ನೂ ಎತ್ತಿದಳು.