ಹುಂಜ: ಸೊನ್ನೆ

ಹೊಸಕೆರೆಹಳ್ಳಿಯ ಅಂಜನಮ್ಮನವರ ಹಿತ್ತಲಿಗೆ ನಾನು ಮೊದಲ ಸಲ ಹೋದದ್ದು 2006ರ ಮಾರ್ಚ್ ತಿಂಗಳ ಒಂದು ಗುರುವಾರ. ಹಕ್ಕಿಜ್ವರದ ಸುದ್ದಿ ಪೇಪರಿನಲ್ಲಿ ದಿನವೂ ಬರುತ್ತಿದ್ದ ಕಾಲ. ಅವರ ಕಾಂಪೌಂಡಿಗೆ ಅಂಟಿಕೊಂಡು ಎದ್ದಿದ್ದ ಹೊಸ ಅಪಾರ್ಟ್‌ಮೆಂಟಿನವರು ಕೋಳಿಗಳ ಮೇಲೆ ದೂರು ಕೊಟ್ಟಿದ್ದರು. ಕೋಳಿಗಳಿಗೆ ರೋಗವಿಲ್ಲ ಎಂಬ ಸರ್ಟಿಫಿಕೇಟನ್ನು ಸೋಮವಾರದೊಳಗೆ ವಾರ್ಡ್ ಆಫೀಸಿಗೆ ತಲುಪಿಸದಿದ್ದರೆ ಗಾಡಿ ಬಂದು ಅಷ್ಟನ್ನೂ ಹಿಡಿದುಕೊಂಡು ಹೋಗುತ್ತದೆ ಎಂದು ನೋಟಿಸು ಬಂದಿತ್ತು. ಅಲ್ಲಿಯ ತನಕ ಒಂದು ಕೋಳಿಯೂ ಗೇಟು ದಾಟುವಂತಿರಲಿಲ್ಲ.

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು, ಪಶುವೈದ್ಯ ಶಾಂತವೀರಪ್ಪನವರ ಕೈಕೆಳಗೆ ಗುತ್ತಿಗೆ ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಗಿತ್ತು. ಊರಿನ ನಮ್ಮ ಓಣಿಯಲ್ಲಿ ಯಾರೂ ಕೋಳಿ ಸಾಕುತ್ತಿರಲಿಲ್ಲ. ಮನೆಯಲ್ಲಿ ಅದರ ಹೆಸರೂ ಎತ್ತುತ್ತಿರಲಿಲ್ಲ. ನನಗೆ ಎಮ್ಮೆ ಗೊತ್ತಿತ್ತು, ಎತ್ತು ಗೊತ್ತಿತ್ತು. ಕೋಳಿಯ ಬಗ್ಗೆ ಗೊತ್ತಿದ್ದುದು ಮೂರು ದಿನದ ತರಬೇತಿಯಲ್ಲಿ ಹೇಳಿಕೊಟ್ಟಷ್ಟೇ.

ಅಂಜನಮ್ಮನವರ ಗಂಡ ತಿಮ್ಮರಾಯಪ್ಪ ಬಾಗಿಲ ಕಟ್ಟೆಯ ಮೇಲೆ ಕೂತಿದ್ದರು. ಗದ್ದೆ ಮಾರಿ ಎಂಟು ಬಾಡಿಗೆ ಮನೆ ಕಟ್ಟಿಸಿದ್ದವರು.

"ಬನ್ನಿ ಸಾರ್. ಕೋಳಿಗೂ ಸರ್ಟಿಫಿಕೇಟು ಬಂತು. ನನಗೆ ಎಸ್ಸೆಸ್ಸೆಲ್ಸೀದೇ ಇಲ್ಲ," ಎಂದರು.

ಹಿತ್ತಲೆಂದರೆ ಬಾಡಿಗೆ ಮನೆಗಳ ಹಿಂದೆ ಉಳಿದ ಒಂದು ಉದ್ದನೆಯ ಪಟ್ಟಿ. ಒಂದು ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು, ತಗಡಿನ ಗೂಡು. ಅಂಜನಮ್ಮನವರು ನನ್ನ ಕೈಚೀಲವನ್ನೇ ನೋಡುತ್ತ ನಿಂತಿದ್ದರು.

"ಎಷ್ಟ ಅದಾವ್ರಿ ಅಮ್ಮಾರ?"

"ಹದಿನೆಂಟು ಹೇಂಟೆ. ಏಳು ಮರಿ."

"ಹುಂಜ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇಲ್ಲ," ಎಂದರು. ತಿಮ್ಮರಾಯಪ್ಪನವರು ಕೆಮ್ಮಿ ರಸ್ತೆಯ ಕಡೆ ತಿರುಗಿದರು. ನಾನು ಫಾರಂನಲ್ಲಿ 'ಹುಂಜ: ಸೊನ್ನೆ' ಎಂದು ಬರೆದೆ.

ಪ್ರತಿ ಕೋಳಿಯ ಕಣ್ಣು, ಜುಟ್ಟು, ಉಸಿರು ನೋಡಿ ಬರೆಯಬೇಕು. ಆಮೇಲೆ ದೊಡ್ಡ ಕೋಳಿಗಳಿಗೆ, ಸರ್ಟಿಫಿಕೇಟಿಗೆ ಬೇಕೇ ಬೇಕಾದ ಬಿಳಿಭೇದಿ ರೋಗದ ಪರೀಕ್ಷೆ. ರೆಕ್ಕೆಯ ಅಡಿಯ ನರಕ್ಕೆ ಸೂಜಿ ತಾಗಿಸಿ, ಒಂದು ತೊಟ್ಟು ರಕ್ತವನ್ನು ಬಿಳಿ ಬಿಲ್ಲೆಯ ಮೇಲೆ ನೇರಳೆ ಬಣ್ಣದ ಔಷಧಿಯೊಂದಿಗೆ ಬೆರೆಸಿ, ಎರಡು ನಿಮಿಷ ಅತ್ತಿತ್ತ ವಾಲಿಸುತ್ತ ಕಾಯಬೇಕು. ಬಣ್ಣ ನಯವಾಗಿ ಉಳಿದರೆ ಕೋಳಿ ಚೆನ್ನಾಗಿದೆ. ರವೆಯಂತೆ ಕಾಳುಗಟ್ಟಿದರೆ ರೋಗ. ಒಂದು ಕಾಳುಗಟ್ಟಿದರೂ ಇಡೀ ಹಿತ್ತಲಿಗೆ ಸರ್ಟಿಫಿಕೇಟಿಲ್ಲ.

ಅಂಜನಮ್ಮನವರು ಒಂದೊಂದನ್ನೇ ಹಿಡಿದು ಕೊಟ್ಟರು. ಪ್ರತಿಯೊಂದಕ್ಕೂ ಎರಡು ನಿಮಿಷ ನಾವಿಬ್ಬರೂ ಮಾತಿಲ್ಲದೆ ಬಿಲ್ಲೆಯ ಮೇಲೆ ಬಗ್ಗಿ ನಿಂತಿರುತ್ತಿದ್ದೆವು. ಹಾಗೆ ಹದಿನೆಂಟು ಸಲ. ಅಪರಿಚಿತರೊಂದಿಗೆ ನಾನು ಅಷ್ಟು ಹೊತ್ತು ಸುಮ್ಮನಿದ್ದು, ಅದು ಭಾರವಾಗದೆ ಇದ್ದದ್ದು ಈ ಊರಿಗೆ ಬಂದ ಮೇಲೆ ಅದೇ ಮೊದಲು. ಹದಿನೆಂಟೂ ಚೆನ್ನಾಗಿದ್ದವು.

ಶುಕ್ರವಾರ ಶಾಂತವೀರಪ್ಪನವರು ಫಾರಂ ಹಿಡಿದುಕೊಂಡು ನನ್ನನ್ನು ಕರೆದರು.

"ಚನ್ನವೀರ, ಏನಪ್ಪ ಇದು? ಹೇಂಟೆ ಹದಿನೆಂಟು, ಹುಂಜ ಸೊನ್ನೆ, ಮರಿ ಏಳು."

"ಹೌದ್ರಿ ಸರ್."

"ಮರಿಗಳು ಅಂಚೇಲಿ ಬಂದ್ವಾ?"

ಕಾಂಪೌಂಡರ್ ಪಿಳ್ಳಣ್ಣ ಬೀರುವಿನ ಹಿಂದೆ ನಗುವುದು ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು.

"ಪಕ್ಕದ ಮನೀದು ಹುಂಜ ಬಂದಿರಬಹುದ್ರಿ."

"ಪಕ್ಕದಲ್ಲಿ ಅಪಾರ್ಟ್‌ಮೆಂಟು ಅಂತ ನೀನೇ ಬರ್ದಿದೀಯಲ್ಲ. ಲಿಫ್ಟಲ್ಲಿ ಇಳಿದು ಬರ್ತಿತ್ತಾ?" ಅವರು ಫಾರಂ ವಾಪಸು ಕೊಟ್ಟರು. "ದೊಡ್ಡದು ಒಂದು ತಪ್ಪಿಸ್ಕೊಂಡಿದ್ರೂ ನಾನು ಸೈನ್ ಹಾಕಲ್ಲ. ನಾಳೆ ಹೋಗಿ ನೋಡ್ಕೊಂಡು ಬಾ."

ಶನಿವಾರ ಬೆಳಿಗ್ಗೆ ಬನಶಂಕರಿಯಲ್ಲಿ ಬಸ್ಸು ಬದಲಿಸಿ ಮತ್ತೆ ಹೋದೆ. ಅಂಜನಮ್ಮನವರು ಮಜ್ಜಿಗೆ ಕೊಟ್ಟರು. ಕುಡಿದು ಲೋಟ ಕೆಳಗಿಟ್ಟೆ. ಹೇಗೆ ಕೇಳಬೇಕೆಂದು ತಿಳಿಯಲಿಲ್ಲ.

"ಅಮ್ಮಾರ, ಮರಿ ಹೆಂಗ ಬಂದ್ವು ಅಂತ ಡಾಕ್ಟ್ರು ಕೇಳ್ಯಾರ."

ತಿಮ್ಮರಾಯಪ್ಪ ಜೋರಾಗಿ ನಕ್ಕರು. "ಹೇಳ್ಲಿಲ್ವೇನೇ ನಾನು? ಆ ಹುಡುಗನಿಗೆ ತಿಳೀದಿದ್ರೂ ಆಫೀಸಲ್ಲಿ ತಿಳಿಯತ್ತೆ ಅಂತ."

ಅಂಜನಮ್ಮನವರು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಒಂದು ಬಿದಿರಿನ ಕುಕ್ಕೆ ಬೋರಲು ಹಾಕಿತ್ತು, ಮೇಲೆ ಗೋಣಿ. ಗೋಣಿ ಸರಿಸಿದಾಗ ಕೆಂಪು ಕಪ್ಪು ಬೆರೆತ ದೊಡ್ಡದೊಂದು ಹುಂಜ ಬೆಳಕಿಗೆ ತಲೆ ಓರೆ ಮಾಡಿತು. ಕಾಲಿಗೆ ಅರಿಶಿನದ ದಾರ ಕಟ್ಟಿತ್ತು.

"ಇದು ಮಾರಮ್ಮಂಗೆ ಮೀಸಲು," ಎಂದರು. "ಮಗಳಿಗೆ ಎಂಟನೇ ತಿಂಗಳಿಗೇ ಹೆರಿಗೆ ಆಗ್ಹೋಯ್ತು. ಮಗು ಉಳಿಯೋದು ಕಷ್ಟ ಅಂದ್ರು. ಅವತ್ತೇ ಕೇಳ್ಕೊಂಡು ಈ ಹುಂಜಕ್ಕೆ ದಾರ ಕಟ್ಟಿದೆ. ಈಗ ಮಗೂಗೆ ಮೂರು ತಿಂಗಳು ತುಂಬ್ತು. ಈ ಮಂಗಳವಾರ ಗುಡಿಗೆ ಒಪ್ಪಿಸ್ಬೇಕು."

"ಒಂದ ತೊಟ್ಟು ರಕ್ತ ಅಷ್ಟ್ರಿ. ನೋವೂ ಆಗಂಗಿಲ್ಲ."

"ನೋವಿನ ಮಾತಲ್ಲಪ್ಪ. ಒಪ್ಪಿಸೋಕ್ ಮುಂಚೆ ಅದರ ಮೈಯಿಂದ ರಕ್ತ ಬಂದ್ರೆ ಎಂಜಲು. ಎಂಜಲನ್ನ ಅವಳಿಗೆ ಕೊಡೋಕಾಗತ್ತಾ?"

ಬಾಗಿಲಲ್ಲಿ ನಿಂತಿದ್ದ ತಿಮ್ಮರಾಯಪ್ಪ, "ಗಾಡಿಯೋರು ತಗೊಂಡ್ ಹೋಗ್ಲಿ ಬಿಡೇ. ಮಂಗಳವಾರ ಅಂಗಡಿಯಿಂದ ಒಂದ್ ತಂದ್ರಾಯ್ತು. ಅವಳೇನು ಬಿಲ್ ಕೇಳ್ತಾಳಾ?" ಎಂದರು.

"ಗದ್ದೆ ಮಾರುವಾಗ ನನ್ನ ಕೇಳಿದ್ರಾ?" ಎಂದರು ಅಂಜನಮ್ಮ, ದನಿ ಏರಿಸದೆ. "ಹಸು ಮಾರುವಾಗ ಕೇಳಿದ್ರಾ? ಇದೊಂದು ನಂದು ಅಂತ ಇರೋದು."

ತಿಮ್ಮರಾಯಪ್ಪ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದರು. ಆ ಮಾತು ಆ ಮನೆಯಲ್ಲಿ ಮೊದಲ ಸಲ ಬಂದದ್ದಲ್ಲ ಎನ್ನುವುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ನಾನು ಗೋಡೆಗೆ ಒರಗಿ ಯೋಚಿಸಿದೆ. ರಕ್ತ ಕೊಡದಿದ್ದರೆ ಸರ್ಟಿಫಿಕೇಟಿಲ್ಲ. ಸರ್ಟಿಫಿಕೇಟಿಲ್ಲದೆ ಹುಂಜ ಗುಡಿಗೆ ಹೋಗುವಂತಿಲ್ಲ, ಸೋಮವಾರ ಹೇಂಟೆಗಳೂ ಉಳಿಯುವುದಿಲ್ಲ. ರಕ್ತ ಕೊಟ್ಟರೆ ಹರಕೆ ಕೆಡುತ್ತದೆ. ಮರಿಗಳನ್ನು ಹೊರಗಿನಿಂದ ಕೊಂಡು ತಂದದ್ದು ಎಂದು ನಾನು ಬರೆದುಬಿಡಬಹುದಿತ್ತು. ಪೆನ್ನು ಜೇಬಿನಲ್ಲೇ ಇತ್ತು. ಆದರೆ ಮಂಗಳವಾರ ಇವರು ಇದನ್ನು ಎತ್ತಿಕೊಂಡು ಗೇಟು ದಾಟುವಾಗ ಅಪಾರ್ಟ್‌ಮೆಂಟಿನ ಅಷ್ಟೂ ಬಾಲ್ಕನಿಗಳು ನೋಡುತ್ತವೆ. ಹಾಗೂ ಒಂದು ವೇಳೆ ರೋಗವಿರುವುದು ಇದಕ್ಕೇ ಆದರೆ? ಆರೋಗ್ಯವಾಗಿದೆ ಎಂದು ನಾನು ಯಾವುದನ್ನು ನೋಡಿ ಬರೆದ ಹಾಗಾಯಿತು? ಹೊರಟು ಹೋಗಲು ಮನಸ್ಸು ಬರಲಿಲ್ಲ. ಹಾಗೇ ನಿಂತಿದ್ದೆ.

ಮಗು ಅತ್ತಿತು. ಮಗಳು ಅರ್ಪಿತ ಅದನ್ನು ಎತ್ತಿಕೊಂಡು ಬಂದು, "ಅಮ್ಮ, ಸ್ವಲ್ಪ ಹಿಡ್ಕೊ, ಹಾಲು ಇಳಿಸ್ಬಿಟ್ಟು ಬರ್ತೀನಿ," ಎಂದು ತಾಯಿಯ ಕೈಗೆ ಕೊಟ್ಟಳು. ಅಂಜನಮ್ಮನವರು ಮೊಮ್ಮಗನನ್ನು ತೋಳಿನ ಮೇಲೆ ಮಲಗಿಸಿಕೊಂಡರು. ಬಟ್ಟೆಯಿಂದ ಹೊರಗೆ ಬಂದಿದ್ದ ಕಾಲನ್ನು ಒಳಗೆ ಸೇರಿಸಲು ಹೋದವರು, ಹಿಮ್ಮಡಿಯನ್ನು ಹಿಡಿದುಕೊಂಡು ಹಾಗೇ ನಿಂತರು. ಅಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಕಲೆಗಳಿದ್ದವು, ನಾಲ್ಕೋ ಐದೋ.

"ಇಪ್ಪತ್ತಾರು ದಿನ ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು," ಎಂದರು. "ಹಿಮ್ಮಡಿಗೆ ಚುಚ್ಚಿ ಚುಚ್ಚಿ ರಕ್ತ ತಗೋತಿದ್ರು. ನಾನು ಆಚೆ ನಿಂತು ನೋಡ್ತಿದ್ದೆ. ಅವಳೂ ನೋಡಿರ್ತಾಳೆ."

"ಯಾರೇ?" ಎಂದರು ತಿಮ್ಮರಾಯಪ್ಪ.

"ಮಾರಮ್ಮ." ಮಗುವಿನ ಕಾಲನ್ನು ಬಟ್ಟೆಯೊಳಗೆ ಸೇರಿಸಿ ಹೇಳಿದರು, "ಇವನ ಬದಲಿಗೆ ತಾನೆ ನಾನು ಹುಂಜ ಹೇಳ್ಕೊಂಡಿದ್ದು. ಚುಚ್ಚಿದ್ದಕ್ಕೆ ಇವನು ಎಂಜಲು ಅಂತ ಅವಳು ಅಂದ್ಕೊಂಡಿದ್ರೆ, ಅವತ್ತೇ ಕೈ ಬಿಟ್ಬಿಡೋಳು. ಬಿಡ್ಲಿಲ್ಲ."

ಅವರು ಮಗುವನ್ನು ಗಂಡನ ಕೈಗೆ ಕೊಟ್ಟು, ಹಿತ್ತಲ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡು ಬಂದರು. ಕುಕ್ಕೆ ಎತ್ತಿ ಹುಂಜವನ್ನು ಎದೆಗೆ ಅವಚಿಕೊಂಡು ಬೆಳಕಿಗೆ ತಂದರು.

"ನಾನೇ ಹಿಡ್ಕೋತೀನಿ. ಒಂದೇ ತೊಟ್ಟು. ನೆಲಕ್ಕೆ ಬೀಳ್ಬಾರ್ದು."

ರೆಕ್ಕೆ ಬಿಡಿಸಿ ನರ ಹುಡುಕಿದೆ. ಸೂಜಿ ತಾಗಿದ ಜಾಗದಲ್ಲಿ ಒಂದು ಕೆಂಪು ಮಣಿ ಎದ್ದಿತು. ಅದನ್ನು ತಂತಿಯ ಕುಣಿಕೆಯಲ್ಲಿ ಎತ್ತಿಕೊಂಡು ಬಿಲ್ಲೆಗೆ ತಂದೆ. ಅಷ್ಟರಲ್ಲೇ ಅಂಜನಮ್ಮನವರು ಚುಚ್ಚಿದ ಜಾಗಕ್ಕೆ ಅರಿಶಿನ ಒತ್ತಿದ್ದರು. ನೆಲಕ್ಕೆ ಏನೂ ಬೀಳಲಿಲ್ಲ.

ಹುಂಜವನ್ನು ಬಿಡದೆಯೇ ಅವರು ಬಿಲ್ಲೆಯ ಮೇಲೆ ಬಗ್ಗಿದರು. ಮಗುವನ್ನು ಎತ್ತಿಕೊಂಡೇ ತಿಮ್ಮರಾಯಪ್ಪನವರೂ ಬಗ್ಗಿದರು. ಒಂದೂವರೆ ನಿಮಿಷಕ್ಕೆ ಅಂಚಿನಲ್ಲಿ ಕಾಳಿನಂಥದೇನೋ ಕಂಡಿತು. ಇನ್ನೊಮ್ಮೆ ವಾಲಿಸಿದೆ. ಅದು ತೇಲಿಕೊಂಡು ಬಂತು. ತೌಡಿನ ಹೊಟ್ಟು, ಯಾರ ಕೈಯಿಂದಲೋ ಉದುರಿದ್ದು. ಉಳಿದ ಬಣ್ಣ ನಯವಾಗಿತ್ತು. ಎರಡು ನಿಮಿಷ ಮುಗಿದ ಮೇಲೆ ಇನ್ನೂ ಒಂದು ನಿಮಿಷ ನೋಡಿದೆ.

"ಚೊಲೊ ಐತ್ರಿ," ಎಂದೆ.

ಅಂಜನಮ್ಮನವರು ಹುಂಜದ ಬೆನ್ನಿನ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿಕೊಂಡರು.

ಫಾರಂ ತಿದ್ದಿದೆ. ಹುಂಜ: ಒಂದು. ಮುಂದಿನ ಕಾಲಂ, ಸಾಕಣೆಯ ಉದ್ದೇಶ. ಮೊಟ್ಟೆ, ಮಾಂಸ, ತಳಿ ಎಂದು ಮೂರೇ ಇದ್ದವು.

"ಇದಕ್ಕ ಏನಂತ ಬರೀಲ್ರಿ?"

ಅವರು ಯೋಚಿಸಿದರು. "ಅದು ನಮ್ದಲ್ವಲ್ಲಪ್ಪ," ಎಂದರು. ನಾನು ಖಾಲಿ ಬಿಟ್ಟೆ.

ಮಧ್ಯಾಹ್ನ ಶಾಂತವೀರಪ್ಪನವರ ಬೆರಳು ಆ ಖಾಲಿ ಜಾಗದಲ್ಲಿ ನಿಂತಿತು. "ಮೀಸಲಾ?" ಎಂದು ಕೇಳಿದರು. ಹೂಂ ಎಂದೆ. ಸೈನ್ ಹಾಕಿ ಸೀಲು ಒತ್ತಿದರು.

ಸೋಮವಾರ ಗಾಡಿ ಬರಲಿಲ್ಲ. ತಿಮ್ಮರಾಯಪ್ಪನವರು ಆಫೀಸಿಗೆ ಫೋನು ಮಾಡಿ, ಮಂಗಳವಾರ ಊಟಕ್ಕೆ ಬರಲೇಬೇಕು, ನನಗೆಂದೇ ಅಂಜನಮ್ಮನವರು ಬೇರೆ ಒಲೆಯಲ್ಲಿ ಪಾಯಸ ಮಾಡುತ್ತಾರಂತೆ ಎಂದರು. ಕೆಲಸವಿದೆ ಎಂದೆ. ಕೆಲಸ ಇದ್ದದ್ದೂ ನಿಜ. ಮಂಗಳವಾರ ಬೇಗೂರಿನಲ್ಲಿ ಇನ್ನೊಬ್ಬರ ಕೋಳಿಗಳನ್ನು ಪರೀಕ್ಷಿಸುತ್ತಿದ್ದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಕೈಯಲ್ಲಿ ಬಿಲ್ಲೆ ಹಿಡಿದುಕೊಂಡು, ಆರೋಗ್ಯವಾಗಿದೆ ಎಂದು ನಾನೇ ಬರೆದ ಆ ಹುಂಜ ಈಗ ಎಲ್ಲಿಗೆ ಬಂದಿರಬಹುದು ಎಂದು ಲೆಕ್ಕ ಹಾಕಿದೆ. ಗೇಟು ದಾಟಿರುತ್ತದೆ. ಅಂಜನಮ್ಮನವರೇ ಎತ್ತಿಕೊಂಡಿರುತ್ತಾರೆ, ಬೇರೆಯವರ ಕೈಗೆ ಕೊಟ್ಟಿರುವುದಿಲ್ಲ. ಎರಡು ನಿಮಿಷ ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ. ಆ ಮನೆಯವರು ಏನಾಯಿತು ಸಾರ್ ಎಂದು ಗಾಬರಿಯಾಗಿ ಕೇಳಿದರು. ಏನೂ ಇಲ್ಲ, ಚೆನ್ನಾಗಿದೆ ಎಂದು ಹೇಳಿ ಮುಂದಿನದನ್ನು ಹಿಡಿದು ಕೊಡಲು ಹೇಳಿದೆ.