ಐಸೆಲೆಯ ಮರದ ಫಲಕ

ಶನಿವಾರ ಮಧ್ಯಾಹ್ನ ಕೆಳಮನೆಯ ಬಾಡಿಗೆದಾರ ಐಸೆಲೆ ಮರದ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದು ಯಾಸ್ನಾಳ ಬಾಗಿಲ ಹಿಡಿಗೆ ತೂಗುಹಾಕಿದ. ಎದುರು ಮನೆಯ ಹೆಡ್ವಿಗ್ ಟೀಚರ್ ಕಸದ ಚೀಲ ಹಿಡಿದು ಆಗಷ್ಟೇ ಹೊರಬಂದಿದ್ದರು.

ಫಲಕ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಒರೆಸುವುದೂ ಬೆಳಗ್ಗೆ ಎಂಟರೊಳಗೆ ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯುವುದೂ ಅವರ ಪಾಲು. ಸ್ಟುಟ್‌ಗಾರ್ಟ್‌ನ ಆ ಬೀದಿಯಲ್ಲಿ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಈ ವಾರದ ಸರದಿ ಐಸೆಲೆಯದು.

"ಇವತ್ತು ಇನ್ನೂ ಶನಿವಾರ ಅಲ್ವಾ, ಐಸೆಲೆಯವರೇ?"

"ಒಂದು ದಿನ ಆಚೀಚೆ ಆದ್ರೆ ಏನೀಗ ಟೀಚರ್? ಪ್ರಾಯದ ಹುಡುಗಿ, ಕೈಕಾಲು ಗಟ್ಟಿ ಇದೆ."

ನಾಳೆ ಹಿಮ ಸುರಿಯುತ್ತದೆಂದು ಬೆಳಗ್ಗೆಯಿಂದ ರೇಡಿಯೋ ಹೇಳುತ್ತಲೇ ಇತ್ತು. ಟೀಚರ್ ಆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತೆಗೆದ ದಾರಿ ಸರಿಯಾಗಿ ಒಂದು ಮೀಟರ್ ಅಗಲವಿದೆಯೋ ಇಲ್ಲವೋ ಎಂದು ಅಳತೆಪಟ್ಟಿ ಹಿಡಿದು ಬಗ್ಗುವ ಗಂಡಸು. ಅವನ ಇಡೀ ಬಾಳೇ ಆ ಒಂದು ಮೀಟರಿನೊಳಗೆ ಹಿಡಿಸಿಬಿಡುತ್ತದೆ ಎನ್ನಿಸಿತು.

ಯಾಸ್ನಾ ಆಸ್ಪತ್ರೆಯ ನರ್ಸ್. ರಾತ್ರಿಪಾಳಿ ಮುಗಿಸಿ ಮನೆ ಸೇರುವಾಗ ಎಂಟೂವರೆ. ಆದರೂ ಬರುವಾಗ ಟೀಚರ ಬಾಗಿಲಿಗೆ ಬಿಸಿ ಬ್ರೆಡ್ಡಿನ ಪೊಟ್ಟಣ ಸಿಕ್ಕಿಸಿ ಹೋಗುವಳು. ಹಿಮ ತೆಗೆದಿಲ್ಲವೆಂದು ಅವಳ ಮೇಲೆ ಐಸೆಲೆ ಆಗಲೇ ಎರಡು ದೂರು ಬರೆದಿದ್ದ. ಮೂರನೆಯದು ಬಂದರೆ ಮನೆ ಖಾಲಿ ಮಾಡಿಸುವುದಾಗಿ ಮಾಲೀಕ ಬ್ರೋಡ್‌ಬೆಕ್ ಹೇಳಿಯಾಗಿತ್ತು.

ಭಾನುವಾರ ಎದ್ದಾಗ ಹೊರಗೆ ಗೇಣುದ್ದ ಹಿಮ. ಟೀಚರ್ ಸಲಿಕೆ ಹಿಡಿದು, ಮೊಣಕಾಲು ನೋವಿನಲ್ಲೇ ಬಾಗಿಲವರೆಗೆ ಹೋದರು. ಆಮೇಲೆ ಸಲಿಕೆಯನ್ನು ಗೋಡೆಗೆ ಒರಗಿಸಿದರು. ಈಗ ತಾನು ತೆಗೆದುಬಿಟ್ಟರೆ ಐಸೆಲೆ ಇನ್ನೊಂದು ಭಾನುವಾರಕ್ಕೆ ಕಾಯುತ್ತಾನೆ, ಅಷ್ಟೇ.

ಎಂಟು ಹೊಡೆಯುತ್ತಲೇ ಐಸೆಲೆ ಮಾಲೀಕನಿಗೆ ಫೋನ್ ಮಾಡಿದ. ಎದುರುಸಾಲಿನ ಬ್ರೋಡ್‌ಬೆಕ್ ಬೂಟು ಕೊಡವುತ್ತ ಒಳಗೆ ಬಂದ.

"ಫಲಕ ಅವಳ ಬಾಗಿಲಲ್ಲಿದೆ, ನೀವೇ ನೋಡಿ ಸ್ವಾಮಿ. ಕಾಲುದಾರಿ ಹೇಗಿದೆ ಅದನ್ನೂ ನೋಡಿ."

ಟೀಚರ್ ಮೆಟ್ಟಿಲಿಳಿದು ಬಂದು, ಕನ್ನಡಕ ಹಾಕಿಕೊಂಡು, ಗೋಡೆಯ ಮೇಲಿನ ನಿಯಮದ ಹಾಳೆಯನ್ನು ತರಗತಿಯಲ್ಲಿ ಓದುವಂತೆ ಓದಿದರು. "ಫಲಕವನ್ನು ಭಾನುವಾರ ಸಂಜೆ ಆರಕ್ಕೆ ಮುಂದಿನವರಿಗೆ ಕೊಡತಕ್ಕದ್ದು. ಯಾವ ಕಾರಣಕ್ಕೂ ಮೊದಲೇ ಕೊಡಕೂಡದು. ಸಹಿ, ಐಸೆಲೆ." ಕನ್ನಡಕ ತೆಗೆದರು. "ಕೆಂಪು ಶಾಯೀಲಿ ಎರಡೆರಡು ಗೆರೆ ಬೇರೆ ಎಳೆದಿದೀರಿ. ಆದ್ರೆ ನೀವು ಕೊಟ್ಟಿದ್ದು ನಿನ್ನೆ ಮಧ್ಯಾಹ್ನ. ನಾನೇ ನೋಡಿದೆ."

ಐಸೆಲೆ ಹಾಳೆಯನ್ನು ನೋಡಿದ, ಮೊದಲ ಸಲ ಓದುವವನ ಹಾಗೆ.

"ಹಾಗಾದ್ರೆ ಇವತ್ತಿನ ಸರದಿ ನಿಮ್ಮದೇ," ಎಂದ ಬ್ರೋಡ್‌ಬೆಕ್. "ಆ ಹಳೇ ದೂರುಗಳು ಯಾವ ದಿನದ್ದು?"



"ಎರಡೂ ಭಾನುವಾರ ಬೆಳಗಿನದ್ದೇ," ಎಂದರು ಟೀಚರ್. "ಆಗಲೂ ಫಲಕ ಹಿಂದಿನ ದಿನಾನೇ ಅವಳ ಬಾಗಿಲಿಗೆ ಬಂದಿತ್ತು."

"ಎರಡನ್ನೂ ಒಲೆಗೆ ಹಾಕ್ತೀನಿ. ಅವಳು ಇಲ್ಲೇ ಇರಲಿ," ಎಂದ ಬ್ರೋಡ್‌ಬೆಕ್.

ಯಾಸ್ನಾ ಬಂದಾಗ ಐಸೆಲೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಏದುಸಿರು ಬಿಡುತ್ತ ಹಿಮ ತಳ್ಳುತ್ತಿದ್ದ. ನಡೆದದ್ದೇನೂ ಅವಳಿಗೆ ಗೊತ್ತಿರಲಿಲ್ಲ. ಬ್ರೆಡ್ಡಿನ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು, "ಕೊಡಿ ಇಲ್ಲಿ, ನಿಮಗೆ ಬೆನ್ನು ಹಿಡ್ಕೊಳ್ಳುತ್ತೆ," ಎಂದು ಕೈ ಚಾಚಿದಳು. ಒಂದು ಇಡೀ ರಾತ್ರಿ ನಿಂತು ದುಡಿದು ಬಂದವಳ ಕೈಗೆ ಅವನು ನಾಚಿಕೆಯಿಲ್ಲದೆ ಸಲಿಕೆ ಕೊಟ್ಟೇಬಿಟ್ಟ.

ಮೇಲೆ ಕಿಟಕಿ ತೆರೆಯಿತು.

"ಯಾಸ್ನಾ, ಅದನ್ನ ವಾಪಸ್ ಕೊಟ್ಟು ಮೇಲೆ ಬಾ ಮಗೂ, ಕಾಫಿ ಆರ್ತಿದೆ. ಐಸೆಲೆಯವರೇ, ಒಂದು ಮೀಟರ್ ಇನ್ನೂ ಆಗಿಲ್ಲ. ಅಳತೆಪಟ್ಟಿ ತರ್ಲಾ?"